ಹಣೆಯ ಮೇಲಿನ ಎರಡು ಸುಳಿ

“ವಂಶಾವಳಿ ಪೇಪರ್ ಇದ್ರೆ ಕುದುರೆಮರಿಗೆ ಮೂರು ಸಾವಿರ ಝ್ವೋತಿ. ಇಲ್ದಿದ್ರೆ ಎಂಟುನೂರು. ಚಳಿಗಾಲದ ಹುಲ್ಲಿಗೇ ಸಾವಿರದ ಇನ್ನೂರು ಬೇಕು.” ತಾತ ಬಕೆಟ್ ಕೆಳಗಿಟ್ಟರು. “ಗುರುವಾರ ತಳಿ ಸಂಘದ ಮೇಡಂ ಬಂದು ಮರಿಯನ್ನ ಪುಸ್ತಕಕ್ಕೆ ಸೇರಿಸಿದ್ರೆ ಸರಿ. ಇಲ್ಲಾಂದ್ರೆ ಅದರ ತಾಯಿ ಒಸ್ತೋಯಾನ ಮಾರ್ಬೇಕಾಗತ್ತೆ ಕಣೇ.”

“ಪೇಪರ್ ಇದೆಯಲ್ಲ ತಾತ!” ಎಂದಳು ಯಾಗೋದಾ.

ಇತ್ತು. ಮೂರು ವರ್ಷದ ಹಿಂದೆ ಸರ್ಕಾರಿ ಫಾರ್ಮ್ ಮುಚ್ಚಿದಾಗ ತಾತ ಒಸ್ತೋಯಾಳನ್ನು ಕೊಂಡಿದ್ದರು. ಕುದುರೆಯ ಜತೆಗೇ ಪೇಪರ್ ಬಂದಿತ್ತು. ಅದರಲ್ಲಿ ಅವಳ ಅಪ್ಪ, ಅಮ್ಮ, ಅಜ್ಜ ಎಲ್ಲರ ಹೆಸರೂ ಇದ್ದವು. ಅಜ್ಜನಂತೂ ಪ್ರದರ್ಶನದಲ್ಲಿ ಚಿನ್ನದ ಪದಕ ಗೆದ್ದವನು!

ಯಾಗೋದಾ ಪೇಪರ್ ಹಿಡಿದು ಒಂದೊಂದೇ ಗುರುತು ನೋಡಿದಳು. ಕಂದು ಬಣ್ಣ, ಸರಿ. ಹಿಂದಿನ ಎಡಗಾಲಿಗೆ ಬಿಳಿ ಕಾಲುಚೀಲ, ಸರಿ. ಹಣೆಯ ಮೇಲೆ ಒಂದು ಸುಳಿ...

ಅವಳ ಬೆರಳು ನಿಂತಿತು. ಒಸ್ತೋಯಾಳ ಹಣೆಯಲ್ಲಿ ಎರಡು ಸುಳಿ ಇದ್ದವು. ಒಂದರ ಮೇಲೊಂದು. ಬೆರಳು ಒದ್ದೆ ಮಾಡಿ ಕೂದಲು ಸವರಿ ನೋಡಿದಳು. ಎರಡೇ.

ಅವಳು ಮೆಲ್ಲಗೆ ಕುದುರೆಯ ಜುಟ್ಟನ್ನು ಹಣೆಯ ಮೇಲಕ್ಕೆ ಎಳೆದಳು. ಸುಳಿ ಮುಚ್ಚಿಹೋಯಿತು. ಮೇಡಂಗೆ ಅವಸರವಿರುತ್ತದೆ, ಯಾರು ನೋಡುತ್ತಾರೆ?

ಒಸ್ತೋಯಾ ಬುಸ್ಸೆಂದು ತಲೆ ಕೊಡವಿದಳು. ಜುಟ್ಟು ಪಕ್ಕಕ್ಕೆ ಹಾರಿತು. ಎರಡು ಸುಳಿಗಳೂ ಯಾಗೋದಾಳನ್ನೇ ನೋಡುವಂತಿದ್ದವು.

“ತಾತಾ,” ಎಂದಳು ಯಾಗೋದಾ ಸಣ್ಣ ದನಿಯಲ್ಲಿ, “ಇದು ಇವಳ ಪೇಪರ್ ಅಲ್ಲ.”

ತಾತ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಒಂದೇ ಮಧ್ಯಾಹ್ನ ನಲವತ್ತು ಕುದುರೆ ಮಾರಿದ್ರು. ಪೇಪರ್ ಹಂಚಿದ್ದು ಟ್ರ್ಯಾಕ್ಟರ್ ಲೆಕ್ಕ ಬರೆಯೋನು. ಅವನಿಗೆ ಸುಳಿ ಅಂದ್ರೆ ಏನು ಗೊತ್ತು! ನಂಗೆ ಗೊತ್ತಿತ್ತಲ್ಲ, ನಾನಾದ್ರೂ ನೋಡ್ಬೇಕಿತ್ತು.”

ಆ ಫಾರ್ಮಿನಲ್ಲಿ ಮೂವತ್ತು ವರ್ಷ ಕುದುರೆಮರಿಗಳನ್ನು ಸಾಕಿದವರು ಪಾನ್ ಲುದ್ವಿಕ್; ‘ಪಾನ್’ ಅಂದರೆ ಶ್ರೀಮಾನ್. ತಾತ ಹೇಳಿಕಳಿಸಿದ್ದಕ್ಕೆ ಮರುದಿನ ಅವರು ಸೈಕಲ್ ತುಳಿದುಕೊಂಡು ಬಂದರು. ಹಳೆಯ ನೋಟ್‌ಬುಕ್ಕೊಂದು ಪ್ಲಾಸ್ಟಿಕ್ ಚೀಲದಲ್ಲಿತ್ತು. ಅವರು ಹಣೆ ನೋಡಲಿಲ್ಲ, ಸುಳಿ ಎಣಿಸಲಿಲ್ಲ. ಗೇಟಿನ ಹತ್ತಿರವೇ ನಿಂತು ಕೂಗಿದರು: “ಕಲಿನಾ!”

ಕುದುರೆ ಮೇಯುವುದನ್ನು ನಿಲ್ಲಿಸಿತು. ಎರಡೂ ಕಿವಿ ಗೇಟಿನ ಕಡೆ ತಿರುಗಿದವು.

“ಅಯ್ಯೋ! ಮೂರು ವರ್ಷ ನಾವು ಇವಳನ್ನ ಬೇರೆಯವರ ಹೆಸರಲ್ಲಿ ಕರೀತಿದ್ವಾ?” ಎಂದಳು ಯಾಗೋದಾ.

“ಪಾಪ, ಓಟ್ಸ್ ಆಸೆಗೆ ಬರ್ತಿದ್ಲು ಬಿಡು,” ಎಂದು ಪಾನ್ ಲುದ್ವಿಕ್ ನಕ್ಕರು.

ನೋಟ್‌ಬುಕ್ಕಿನಲ್ಲಿ ಎಲ್ಲವೂ ಇತ್ತು. ಕಲಿನಾ, ಹುಟ್ಟಿದ್ದು ಮಾರ್ಚ್, ಎರಡು ಸುಳಿ. ಅಮ್ಮ ಕುಕುವ್ಕಾ. ಅಜ್ಜಿ ಕ್ರೋಪ್ಲಾ. ಮುತ್ತಜ್ಜಿ ಕುಲಾವಾ, ಅಂದರೆ ಕುಂಟಿ. ಅಮ್ಮನ ಹೆಸರಿನ ಮೊದಲ ಅಕ್ಷರದಿಂದಲೇ ಮಕ್ಕಳಿಗೂ ಹೆಸರಿಡುವುದು ಅಲ್ಲಿನ ರೂಢಿ.

“ಅದಕ್ಕೂ ಹಿಂದೆ?”

“ಅದಕ್ಕೂ ಹಿಂದೆ ಯುದ್ಧ, ಮಗೂ. ಆ ಚಳಿಗಾಲ ಕುಲಾವಾ ಕುಂಟುಗಾಲಲ್ಲಿ ಹಿಮದಲ್ಲಿ ನಿಂತಿದ್ಲಂತೆ. ತೊಡೆ ಮೇಲೆ ಯಾವುದೋ ಫಾರ್ಮಿನ ಕೊಂಬಿನ ಮುದ್ರೆ. ಪೂರ್ವದ ಕಡೆಯಿಂದ ಬಂದವಳು, ಅಷ್ಟೇ ಗೊತ್ತು. ನಮ್ಮಪ್ಪ ತನ್ನ ಕಂಬಳಿನೇ ಅವಳಿಗೆ ಹೊದಿಸಿ ಮನೆಗೆ ತಂದ. ಇದ್ದಿದ್ದೇ ಒಂದು ಕಂಬಳಿ. ನಮ್ಮಮ್ಮ ಬೈದಿದ್ದು ಬೈದಿದ್ದೇ!”

ನಿಜವಾದ ಒಸ್ತೋಯಾ ಎಲ್ಲಿದ್ದಾಳೆಂಬುದೂ ಅವರಿಗೆ ಗೊತ್ತಿತ್ತು. ಪಕ್ಕದ ಊರಿನ ಬೇಕರಿಯವರ ಮನೆಯಲ್ಲಿ ಮದುವೆ ಗಾಡಿ ಎಳೆಯುತ್ತಿದ್ದಳು. ತಾತ ಫೋನ್ ಮಾಡಿದರು.

“ನಮ್ಮವಳ ಅಜ್ಜ ಚಿನ್ನದ ಪದಕದವನಾ?” ಬೇಕರಿಯವರ ದನಿ ಆಚೆವರೆಗೂ ಕೇಳಿಸಿತು. “ಅವಳಿಗೆ ಮಾತ್ರ ಹೇಳ್ಬೇಡಿ ಮಾರಾಯ್ರೇ, ನಾಳೆಯಿಂದ ಗಾಡಿ ಎಳೆಯಲ್ಲ!”

ತಾತ ಒಸ್ತೋಯಾಳ ಪೇಪರ್ ಅವರಿಗೆ ಒಪ್ಪಿಸಿದರು. ಬದಲಿಗೆ ಅವರು ಕೊಟ್ಟ ಪೇಪರಿನ ಮಡಿಕೆಯಲ್ಲಿ ಮೈದಾಹಿಟ್ಟು ಮೆತ್ತಿತ್ತು. ಹೆಸರು ಕಲಿನಾ. ಹಣೆಯಲ್ಲಿ ಎರಡು ಸುಳಿ.

ಗುರುವಾರ ಮೇಡಂ ಬಂದರು. ಬಂದವರೇ ಮೊದಲು ಮಾಡಿದ ಕೆಲಸವೆಂದರೆ ಕುದುರೆಯ ಜುಟ್ಟು ಎತ್ತಿದ್ದು. ಯಾಗೋದಾಳ ಕಿವಿ ಬಿಸಿಯಾಯಿತು.

“ಒಂದು, ಎರಡು. ಸರಿ ಇದೆ. ಮರಿಗೆ ಏನು ಹೆಸರು?”

“ಲುದ್ವಿಕ್ ಅಂತ ಇಡ್ಬೇಕು ಅಂದ್ಕೊಂಡಿದ್ದೆ. ಆದ್ರೆ ಕ ಬರ್ಬೇಕಲ್ಲ... ಕೊಂಪೋತ್!” ಎಂದಳು ಯಾಗೋದಾ.

“ಹಣ್ಣಿನ ಪಾನಕ!” ಎಂದು ಮೇಡಂ ನಗುತ್ತಲೇ ಬರೆದುಕೊಂಡರು.

ತಾತ ಕೊಡಲು ಬಂದ ದುಡ್ಡನ್ನು ಪಾನ್ ಲುದ್ವಿಕ್ ಮುಟ್ಟಲಿಲ್ಲ. ಪ್ಲಮ್ ಜಾಮ್ ಬಾಟಲಿ ಮಾತ್ರ ತೆಗೆದುಕೊಂಡರು. “ಥ್ಯಾಂಕ್ಸ್,” ಎಂದಳು ಯಾಗೋದಾ. ಆಮೇಲೆ ಸ್ವಲ್ಪ ಯೋಚಿಸಿ ಸೇರಿಸಿದಳು, “ಕಂಬಳಿಗೂ.”

“ಅದು ನಮ್ಮಪ್ಪನಿಗೆ ಹೇಳ್ಬೇಕಾದ್ದು,” ಎಂದರು ಅವರು.

ನವೆಂಬರ್ ಒಂದಕ್ಕೆ ಊರಿನವರೆಲ್ಲ ಸಮಾಧಿಗಳಿಗೆ ದೀಪ ಹಚ್ಚಲು ಹೋದರು. ಪ್ರತಿ ವರ್ಷ ಯಾಗೋದಾ ಎರಡು ದೀಪ ಒಯ್ಯುತ್ತಿದ್ದಳು, ಅಜ್ಜಿಗೊಂದು, ಚಿಕ್ಕಪ್ಪನಿಗೊಂದು. ಈ ಸಲ ಮೂರು ಒಯ್ದಳು. ಮೂರನೆಯದನ್ನು ಪಾನ್ ಲುದ್ವಿಕ್ ಅವರ ಅಪ್ಪನ ಸಮಾಧಿಯ ಹತ್ತಿರ ಇಟ್ಟಳು.

ಕೈತಪ್ಪಿದ್ದು ಒಬ್ಬ ಚಿನ್ನದ ಪದಕದ ಅಜ್ಜ ಮಾತ್ರ. ಕಲಿನಾ ಮನೆಯಲ್ಲೇ ಉಳಿದಳು, ಪೇಪರಿನಲ್ಲಿ ಅವಳಿಗೆ ಅವಳ ನಿಜವಾದ ಅಮ್ಮ ಸಿಕ್ಕಿದಳು.