ದೀಪ ದೊಡ್ಡದಾಗಿದೆ

ಚೀಟಿಯಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿತ್ತು: ‘ಕಾರಿನ ಸ್ಟೀರಿಯೋದ ಬಟನ್ ದೀಪಗಳು ದೊಡ್ಡದಾಗಿವೆ. ದಯವಿಟ್ಟು ಸರಿಮಾಡಿ ಕೊಡುವುದು. ಇತಿ, ಶ್ರೀರಂಗಮ್ಮ, ನಿವೃತ್ತ ಮುಖ್ಯೋಪಾಧ್ಯಾಯಿನಿ, ಹೊಳೆನರಸೀಪುರ.’

ಭಾನುಪ್ರಿಯಾ ಅದನ್ನು ಎರಡು ಸಲ ಓದಿದಳು. ಎರಡು ಸಾವಿರದ ಒಂದನೇ ಇಸವಿಯ ಮಾತು. ಹಾಸನದ ಬಿ.ಎಂ. ರಸ್ತೆಯಲ್ಲಿ ಚನ್ನಪ್ಪನ ಬ್ಯಾಟರಿ ಅಂಗಡಿಯ ಅರ್ಧ ಭಾಗ ಬಾಡಿಗೆಗೆ ಹಿಡಿದು ಅವಳು ಕಾರ್ ಸ್ಟೀರಿಯೋ ರಿಪೇರಿ ಶುರುಮಾಡಿ ಎರಡು ವರ್ಷವಾಗಿತ್ತು. ದೀಪ ಸುಟ್ಟಿದೆ ಅನ್ನುವವರನ್ನು ನೋಡಿದ್ದಳು, ಮಿಣುಕುತ್ತಿದೆ ಅನ್ನುವವರನ್ನೂ ನೋಡಿದ್ದಳು. ದೊಡ್ಡದಾಗಿದೆ ಅಂದವರು ಇವರೇ ಮೊದಲು.

ಅವಳು ಊಟಕ್ಕೆ ಹೋಗಿದ್ದಾಗ ಯಾರೋ ಚೀಟಿಯ ಜೊತೆ ಸ್ಟೀರಿಯೋವನ್ನು ಚನ್ನಪ್ಪನ ಕೈಗೆ ಕೊಟ್ಟು ಹೋಗಿದ್ದರು. ಎಪ್ಪತ್ತೆರಡರ ಮಾಡೆಲ್, ಐದು ಬಟನ್. ಬಿಚ್ಚಿ ನೋಡಿದರೆ ಒಂದೊಂದು ಬಟನ್ನಿನ ಹಿಂದೆಯೂ ಅಕ್ಕಿಕಾಳಿನಷ್ಟು ಪುಟ್ಟ ಬಲ್ಬು, ಐದೂ ಸುಟ್ಟು ಕಪ್ಪಾಗಿದ್ದವು. ಬೆಳಕು ಜಾಸ್ತಿಯಾಗಿ ಸುಟ್ಟಿರಬೇಕು, ಅಮ್ಮನವರಿಗೆ ಕಣ್ಣು ಕುಕ್ಕುತ್ತಿರಬೇಕು ಎಂದುಕೊಂಡಳು. ಹೊಸ ಬಲ್ಬು ಹಾಕಿ, ಕರೆಂಟಿಗೆ ಲಗಾಮು ಹಾಕುವ ರೆಸಿಸ್ಟರ್ ಒಂದನ್ನೂ ಧಾರಾಳವಾಗಿ ಬೆಸೆದು ಕಳಿಸಿದಳು.

ಮುಂದಿನ ಶನಿವಾರ ಕನ್ನಡಕದ ಯುವಕನೊಬ್ಬ ಟವೆಲ್ಲಿನಲ್ಲಿ ಸುತ್ತಿದ ಸ್ಟೀರಿಯೋ ಎದೆಗವಚಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿದ.

“ನಾನು ಗಿರಿಧರ, ಶ್ರೀರಂಗಮ್ಮನವರು ನಮ್ಮ ಸೋದರತ್ತೆ. ದೀಪ ಹತ್ತಿದ್ಯೋ ಇಲ್ವೋ ಅಂತ ಅತ್ತೆ ಟಾರ್ಚ್ ಬಿಟ್ಕೊಂಡು ನೋಡ್ತಿದ್ದಾರೆ, ಮೇಡಂ.”

“ದೊಡ್ಡದಾಗವೆ ಅಂತ ನೀವೇ ಬರ್ದಿದ್ರಲ್ಲ ಸಾ? ಅದುಕ್ಕೇ ಚಿಕ್ಕದು ಮಾಡಿವ್ನಿ.”

ಗಿರಿಧರ ಒಂದು ಕ್ಷಣ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಕನ್ನಡಕ ಮೂಗಿನ ತುದಿಗೆ ಜಾರುವಷ್ಟು ನಕ್ಕ. “ದೀಪ ಆರಿತು ಅಂತ ನಮ್ಮನೇಲಿ ಬಾಯಿಬಿಟ್ಟು ಹೇಳಲ್ಲ ಮೇಡಂ, ಅಪಶಕುನ ಅಂತ. ಆರಿದ್ರೆ ದೊಡ್ಡದಾಯ್ತು ಅಂತೀವಿ.”

“ಆರೋಗಿದ್ದನ್ನ ಆರೋಗದೆ ಅಂದ್ರೆ ತಾನೇ ಸಾ ರಿಪೇರಿ ಮಾಡಕಾಗದು?”

ಅವನ ನಗು ನಿಂತಿತು. ಅವಳನ್ನೇ ನೋಡಿದ. ಆ ನೋಟ ಇನ್ನೊಂದು ಗಳಿಗೆ ಇದ್ದಿದ್ದರೆ ಭಾನುಪ್ರಿಯಾ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಬೀಳಿಸುತ್ತಿದ್ದಳು.

ನಾಚಿಕೆಯಲ್ಲೇ ಆ ರೆಸಿಸ್ಟರ್ ಕಿತ್ತುಹಾಕಿದಳು. ಐದೂ ಬಟನ್ ಎಳೆ ಹಸಿರಾಗಿ ಹತ್ತಿಕೊಂಡವು. ಗಿರಿಧರ ಎರಡೂ ಕೈ ಜೋಡಿಸಿ, “ತುಂಬಾ ಉಪಕಾರ ಆಯ್ತು” ಅಂದ. ಅಂಗಡಿಗೆ ಬರುವ ಗಿರಾಕಿಗಳೆಲ್ಲ ಅವಳ ತಲೆಯ ಮೇಲಿಂದ ಒಳಗೆ ಇಣುಕಿ ‘ಮೆಕ್ಯಾನಿಕ್ ಇಲ್ವಾ?’ ಅನ್ನುವವರೇ. ಇವನು ಕೇಳಲಿಲ್ಲ. ಅಷ್ಟಕ್ಕೇ ಅವಳಿಗೆ ಅವನ ಋಣ ತೀರಿಸಲಾಗದು ಅನ್ನಿಸಿತು.

ಹದಿನೈದು ದಿನಕ್ಕೆ ಒಂದು ಬಲ್ಬು ಹೋಯಿತು. ಗಿರಿಧರ ಬಂದ. ಮತ್ತೆ ಹತ್ತು ದಿನಕ್ಕೆ ಇನ್ನೊಂದು. ಮತ್ತೆ ಬಂದ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಶನಿವಾರದ ಬೆಳಗಿನ ಕ್ಲಾಸು ಮುಗಿಸಿ ಬಸ್ಸು ಹತ್ತುತ್ತಿದ್ದ.

“ಕಾರಲ್ಲೇ ಬರಬೌದಲ್ಲ ಮೇಷ್ಟ್ರೇ?”

“ಅತ್ತೆ ಕೊಡಲ್ಲ. ನನ್ನ ಡ್ರೈವಿಂಗ್ ನೋಡಿದ್ರೆ ಅವರಿಗೆ ಬಿ.ಪಿ. ಏರುತ್ತಂತೆ.”

“ಪಾಪ, ಅವರ್ದೇನು ತಪ್ಪಿಲ್ಲ ಬುಡಿ. ಒಂದು ಸ್ಟೀರಿಯೋ ಇಡ್ಕೊಂಡು ಮೆಟ್ಲು ಅತ್ತಕ್ಕೇ ಎಡವ್ತೀರ.”

“ಮೆಟ್ಟಿಲು ನೋಡ್ಕೊಂಡು ಹತ್ತಿದ್ರೆ ಎಡವಲ್ಲ,” ಎಂದ ಗಿರಿಧರ, ಎಲ್ಲಿ ನೋಡುತ್ತಿದ್ದೆ ಎಂದು ಮಾತ್ರ ಹೇಳಲಿಲ್ಲ. ಭಾನುಪ್ರಿಯಾಳ ಕಿವಿ ಬಿಸಿಯಾಯಿತು. ಆಚೆ ಕಡೆ ಬ್ಯಾಟರಿಗೆ ನೀರು ಬಿಡುತ್ತಿದ್ದ ಚನ್ನಪ್ಪ ಸುಮ್ಮಸುಮ್ಮನೆ ಕೆಮ್ಮಿದ.

ಮೂರನೇ ಬಲ್ಬು ಹೋದಾಗ ಅವಳಿಗೆ ಕಾರಣ ಹೊಳೆಯಿತು. ಕಾರು ಓಡುವಾಗ ಕರೆಂಟು ಹೆಚ್ಚು ಬರುತ್ತದೆ, ಈ ಪುಟ್ಟ ಬಲ್ಬುಗಳು ಅದನ್ನು ತಡೆಯುವುದಿಲ್ಲ. ಅವತ್ತು ಹಾಕಿದ್ದು ಅತಿಯಾಯಿತು ನಿಜ. ಆದರೆ ಸಣ್ಣದೊಂದು ರೆಸಿಸ್ಟರ್ ಇರಲೇಬೇಕಿತ್ತು. ಅದು ಡ್ರಾಯರಿನಲ್ಲೇ ಇತ್ತು. ಹಾಕಿದರೆ ಇನ್ನು ವರ್ಷಗಟ್ಟಲೆ ಬಲ್ಬು ಸುಡುವುದಿಲ್ಲ. ಗಿರಿಧರನೂ ಬರುವುದಿಲ್ಲ.

ಅವಳ ಕೈ ಡ್ರಾಯರಿನ ಕಡೆ ಹೋಗಲಿಲ್ಲ. ಬರೀ ಬಲ್ಬು ಬದಲಿಸಿ ಕಳಿಸಿದಳು.

ನಾಲ್ಕನೇ ಬಲ್ಬು ಹೋದಾಗ ಅವನು ಸ್ಟೀರಿಯೋ ಜೊತೆ ಸ್ಟೀಲ್ ಡಬ್ಬಿಯನ್ನೂ ತಂದ. “ಪುಳಿಯೋಗರೆ. ಅತ್ತೆ ಕಳಿಸಿದ್ರು. ಇಷ್ಟು ನಿಯತ್ತಿನ ಕೆಲಸದವರು ಈ ಕಾಲದಲ್ಲಿ ಸಿಗಲ್ಲ, ನಮ್ಮ ಕೃತಜ್ಞತೆ ತಿಳಿಸು ಅಂದ್ರು.”

ಅವಳು ಡಬ್ಬಿಯನ್ನು ತೆರೆಯದೆ ಪಕ್ಕಕ್ಕಿಟ್ಟಳು. ಸಾಲಗಾಮೆಯ ತಮ್ಮ ಕೇರಿಯಿಂದ ಬಂದ ಹುಡುಗಿ ಈ ರಸ್ತೆಯಲ್ಲಿ ಸ್ವಂತ ಹೆಸರಿನ ಬೋರ್ಡು ಹಾಕಿಕೊಂಡಿದ್ದು ಆ ನಿಯತ್ತಿನ ಮೇಲೇ. ಈಗ ಅದನ್ನೇ ಕಳೆದುಕೊಂಡು ಅವನನ್ನು ಬರಮಾಡಿಕೊಳ್ಳುತ್ತಿದ್ದೇನೆ, ಅವನೋ ಅದಕ್ಕೇ ಕೈ ಮುಗಿಯುತ್ತಿದ್ದಾನೆ. ನಿಜ ಹೇಳಿದರೆ ಅವನು ಮತ್ತೆ ಮುಖ ನೋಡದೆ ಹೋಗಬಹುದು. ಹಾಗಂತ ಬಾಯಿಗೆ ಬಂದದ್ದನ್ನು ಅವತ್ತೂ ನುಂಗಿಕೊಂಡಳು. ಮುಂದಿನ ಸಲ ಹೇಳಲೇಬೇಕು ಎಂದು ತನಗೆ ತಾನೇ ಆಣೆ ಹಾಕಿಕೊಂಡಳು.

ಮೂರು ಶನಿವಾರ ಅವನ ಸುಳಿವಿಲ್ಲ.

“ಏನವ್ವಾ, ನಿನ್ ಒಳೆನರ್ಸೀಪುರದ ಗಿರಾಕಿ ಬರ್ನೇ ಇಲ್ವಲ್ಲ?” ಎಂದು ಚನ್ನಪ್ಪ ಕೇಳಿದ.

“ಬಲ್ಬು ಸುಟ್ಟಿಲ್ವೇನೋ ಬುಡು ಮಾವ,” ಎಂದು ಅವಳು ಮುಖ ತಿರುಗಿಸಿಕೊಂಡಳು.

ನಾಲ್ಕನೇ ಶನಿವಾರ ಅವನು ಸ್ಟೀರಿಯೋ ಹಿಡಿದು ಮೆಟ್ಟಿಲ ಬಳಿ ಕಂಡಾಗ ಅವಳಿಗೆ ಅಳು ಬಂದ ಹಾಗಾಯಿತು. ಕೂರಿ ಅನ್ನುವ ಮೊದಲೇ ಹೇಳಿಬಿಟ್ಟಳು.

“ನನ್ಗೆ ಕೈ ಮುಗೀಬ್ಯಾಡಿ ಮೇಷ್ಟ್ರೇ. ಬಲ್ಬು ಯಾಕೆ ಸುಡ್ತವೆ ಅಂತ ನನ್ಗೆ ಗೊತ್ತಿತ್ತು. ಒಂದು ರೆಸಿಸ್ಟರ್ ಆಕಿದ್ರೆ ಮುಗ್ದೋಗದು. ಬೇಕು ಅಂತಲೇ ಆಕ್ನಿಲ್ಲ.”

“ಯಾಕೆ?”

“ಆಕಿದ್ರೆ ನೀವು ಬತ್ತಿದ್ರಾ?”

ಗಿರಿಧರ ತಲೆ ತಗ್ಗಿಸಿ ನೆಲ ನೋಡುತ್ತಾ ನಿಂತ. ಎಲ್ಲ ಮುಗಿಯಿತು ಎಂದುಕೊಂಡಳು ಭಾನುಪ್ರಿಯಾ. ಮಾಡಬೇಕಾದ ಕೆಲಸವನ್ನಾದರೂ ನೆಟ್ಟಗೆ ಮಾಡಿ ಕಳಿಸೋಣ ಎಂದು ಡ್ರಾಯರಿನಿಂದ ರೆಸಿಸ್ಟರ್ ತೆಗೆದಿಟ್ಟುಕೊಂಡು ಸ್ಟೀರಿಯೋ ಬಿಚ್ಚಿದಳು. ಹತ್ತದ ಬಲ್ಬನ್ನು ಬೆಳಕಿಗೆ ಹಿಡಿದಳು. ಗಾಜು ಕಪ್ಪಾಗಿರಲಿಲ್ಲ. ಒಳಗಿನ ಎಳೆ ಸರಿಯಾಗಿಯೇ ಇತ್ತು. ಹೊರಗಿನ ತಂತಿ ಮಾತ್ರ ತುಂಡಾಗಿತ್ತು, ಅದೂ ಬಹಳ ನೀಟಾಗಿ.

“ಇದು ಸುಟ್ಟಿಲ್ಲ ಸಾ.”

ಅವನ ಕಿವಿ ಕೆಂಪಾದವು.

“ಯಾವುದ್ರಲ್ಲಿ ಕತ್ರಿಸಿದ್ರಿ?”

“ನೇಲ್ ಕಟರ್.” ಅವನು ತಲೆ ಎತ್ತಲಿಲ್ಲ. “ಮೊದಲಿನವೆಲ್ಲ ತಾವಾಗೇ ಸುಟ್ಟಿದ್ದು, ದೇವರಾಣೆಗೂ. ಈ ಸಲ ಮೂರು ವಾರ ಕಾದ್ರೂ ಒಂದೂ ಸುಡಲಿಲ್ಲ ಭಾನು. ನಾನೇನು ಮಾಡ್ಲಿ?”

ಬರೀ ಭಾನು ಅಂದಿದ್ದ. ಅವಳು ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು. ಆಮೇಲೆ ನಗು ತಾನಾಗಿ ಇಳಿಯಿತು. ಅವನ ಮನೆಯಿದ್ದ ನರಸಿಂಹಸ್ವಾಮಿ ದೇವಸ್ಥಾನದ ಬೀದಿಗೂ ತಮ್ಮ ಕೇರಿಗೂ ನಡುವಿನದು ಬಸ್ಸಿನಲ್ಲಿ ಮುಗಿಯುವ ದೂರವಲ್ಲ ಎಂದು ಅವಳಿಗೆ ಗೊತ್ತಿತ್ತು.

“ನಿಮ್ಮತ್ತೆಗೆ ಗೊತ್ತಾದ್ರೆ?”

“ಗೊತ್ತು. ಈ ಬಲ್ಬಿನ ತಂತೀನ ಮೊದಲು ನಾನು ಕಾರಲ್ಲಿ ಬಗ್ಗಿ ಹಲ್ಲಲ್ಲೇ ಕಚ್ತಿದ್ದೆ. ಹಿಂದೆ ಬಂದು ನಿಂತು ನೋಡಿದ್ದಾರೆ. ‘ಯಾರಿಗೋಸ್ಕರ ಕಣೋ ಇದು?’ ಅಂದ್ರು. ಎಲ್ಲಾ ಹೇಳ್ಬಿಟ್ಟೆ. ನಿಮ್ಮ ಹೆಸರು, ನಿಮ್ಮೂರು, ನಿಮ್ಮ ಕೇರಿ, ಒಂದೂ ಬಿಡಲಿಲ್ಲ. ಅತ್ತೆ ಸೀದಾ ಒಳಗೆ ಹೋದ್ರು. ಆಯ್ತು, ಇನ್ನು ಈ ಮನೇಲಿ ನನಗೆ ಊಟ ಇಲ್ಲ ಅಂದ್ಕೊಂಡೆ.”

“ಆಮೇಲೆ?”

“ವಾಪಸ್ ಬಂದು ನೇಲ್ ಕಟರ್ ಕೈಗಿಟ್ರು. ಹಲ್ಲು ಮುರ್ಕೋಬೇಡ, ಮುಂದಿನ ತಿಂಗಳು ಸಾಲಗಾಮೆಗೆ ಮದುವೆ ಮಾತಿಗೆ ಹೋಗೋದಿದೆ ಅಂದ್ರು.”