ವಿಲ್ಫ್ ಗಾರ್ಫರ್ತ್‌ನ ನಿಲ್ಲದ ವಾಕ್ಯ

೨೦೧೧ರ ನವೆಂಬರ್ ೧೬, ಬುಧವಾರ, ಬೆಳಿಗ್ಗೆ ೯.೪೦. ಇಂಗ್ಲೆಂಡಿನ ಬಂದರು ಊರು ಗ್ರಿಮ್ಸ್‌ಬಿಯ ಪೊಲೀಸ್ ಠಾಣೆಗೆ ಬಂದ ಜಾನಿಸ್ ಗಾರ್ಫರ್ತ್ ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ದಿನ ಬೆಳಿಗ್ಗೆ, ದೋಣಿಗಳು ನಿಲ್ಲುವ ಧಕ್ಕೆಯ ನೀರಿನಲ್ಲಿ ಹೆಣವಾಗಿ ಸಿಕ್ಕಿದ್ದ ಹಳೆಯ ಮೀನುಗಾರ ವಿಲ್ಫ್ ಅವಳ ತಂದೆ. ಅವನ ಅಡುಗೆಮನೆಯ ಮೇಜಿನ ಮೇಲೆ ಅವನದೇ ಕೈಬರಹದ ಚೀಟಿ ಸಿಕ್ಕಿತ್ತು. ಆತ್ಮಹತ್ಯೆ ಎಂದು ಕಡತ ಅರ್ಧ ಮುಚ್ಚಿಯೂ ಆಗಿತ್ತು.

"ಭಾನುವಾರ ನಾನೇ ರೇಗಿಸಿದ್ದೆ ಮೇಡಂ. ಈ ವಯಸ್ಸಲ್ಲಿ ಬರಿಯೋದು ಕಲ್ತು ಯಾವ ಊರು ಉದ್ಧಾರ ಮಾಡ್ತೀಯಪ್ಪಾ ಅಂತ. ಅದಕ್ಕೇ ಸತ್ರಾ? ಅಷ್ಟು ಹೇಳಿ ಸಾಕು."

ಇನ್‌ಸ್ಪೆಕ್ಟರ್ ಎಡಿತ್ ಸ್ಕೆಲ್ಟನ್ ಚೀಟಿಯನ್ನು ಮತ್ತೆ ಓದಿದಳು. ಹಾಳೆಯ ಒಂದೇ ಬದಿಗೆ, ಹೊಸದಾಗಿ ಕಲಿತವರ ದಪ್ಪ ಅಕ್ಷರಗಳಲ್ಲಿ, ಒಂದು ಚುಕ್ಕೆಯೂ ಇಲ್ಲದೆ ಓಡಿತ್ತು ಅದು: 'ನನಗಿನ್ನು ಹೊರಲಾಗದು ಮಾರ್ಜರಿ ಕ್ಷಮಿಸು ಆ ನೀರಿಗೆ ನಾನೇ ಹೋಗಬೇಕಿತ್ತು ಈಗಲಾದರೂ ಮುಗಿಯಲಿ'.

"ಮಾರ್ಜರಿ ಯಾರು?"

"ಅಪ್ಪನ ಜೊತೆ ಹಡಗಲ್ಲಿದ್ದೋರ ಹೆಂಡ್ತಿ. ಅವಳ ಗಂಡ ಎಪ್ಪತ್ನಾಲ್ಕರಲ್ಲೇ ಮುಳುಗಿ ಸತ್ರು. ಸಾಯೋ ಹೊತ್ತಲ್ಲಿ ಅವಳಿಗೆ ಬರೀತಾರೆ, ನಂಗೊಂದು ಮಾತಿಲ್ವಾ?"

ಕೇಳಬೇಕಾದ ಪ್ರಶ್ನೆಯೇ. ಪೊಲೀಸರಿಗೆ ಅದು ಮೊದಲೇ ಹೊಳೆಯದಿದ್ದುದಕ್ಕೆ ಎಡಿತ್‌ಗೆ ನಾಚಿಕೆಯಾಯಿತು. ದೂರು ದಾಖಲಿಸಿಕೊಂಡು, ಪೇದೆ ಬ್ರಾಡ್ಲಿಯ ಜೊತೆ ೧೧.೧೫ಕ್ಕೆ ವಿಲ್ಫ್‌ನ ಮನೆಯಲ್ಲಿ ಹೊಸದಾಗಿ ಮಹಜರು ನಡೆಸಿದಳು. ಚೀಟಿಯ ಎಡ ಅಂಚು ಹರಿದಿತ್ತು, ಅಲ್ಲಿ ಪಿನ್ನಿನ ತೂತುಗಳಿದ್ದವು. ನೋಟ್‌ಬುಕ್ಕಿನಿಂದ ಕಿತ್ತ ಹಾಳೆ. ಆ ನೋಟ್‌ಬುಕ್ ಮಾತ್ರ ಮನೆಯಲ್ಲೆಲ್ಲೂ ಇರಲಿಲ್ಲ.

"ಪುಸ್ತಕಕ್ಕೇನು ಕಾಲು ಬಂತಾ ಮೇಡಂ?" ಎಂದ ಬ್ರಾಡ್ಲಿ.

"ಮೊದ್ಲು ಹುಡುಕು. ಆಮೇಲೆ ತಮಾಷೆ ಮಾಡುವಂತೆ."

ಮಧ್ಯಾಹ್ನ ಎರಡಕ್ಕೆ ಇಬ್ಬರೂ ಗ್ರಂಥಾಲಯಕ್ಕೆ ಹೋದರು. ವಿಲ್ಫ್ ಓದು ಬರಹ ಕಲಿಯುತ್ತಿದ್ದುದು ಅಲ್ಲಿ. ಪಾಠ ಹೇಳುವ ಮಿಸ್ ಪ್ರೌಡ್‌ಫೂಟ್ ಚೀಟಿ ನೋಡಿ ಬಿಳಿಚಿಕೊಂಡಳು.

"ಅಯ್ಯೋ, ಇದು ಸಾಯೋನು ಬರೆದ ಚೀಟಿ ಅಲ್ಲ. ನಾನು ಕೊಟ್ಟ ಹೋಮ್‌ವರ್ಕ್!"

ಅವಳ ಪಾಠದ ಕ್ರಮ ಹೀಗಿತ್ತು. ಮೊದಲ ವಾರ ಎದೆಯ ಮೇಲಿರುವ ಭಾರವನ್ನು ಎಲ್ಲೂ ನಿಲ್ಲದೆ ಒಂದೇ ಉಸಿರಿಗೆ ಬರೆಯುವುದು. ವಾಕ್ಯಕ್ಕೆ ವಾಕ್ಯ ಅಂಟಿಕೊಂಡು ಓಡಿದರೂ ಓಡಲಿ. ಎರಡನೆಯ ವಾರ ಜೊತೆಯವರೊಬ್ಬರು ಅದನ್ನು ಗಟ್ಟಿಯಾಗಿ ಓದಿ, ಒಂದು ಮಾತು ಮುಗಿದು ಇನ್ನೊಂದು ಶುರುವಾಗುವ ಕಡೆ ಚುಕ್ಕೆಯನ್ನೋ ಜೋಡಿಸುವ ಪದವನ್ನೋ ಇಟ್ಟು, ತಮ್ಮ ಪುಸ್ತಕದಲ್ಲಿ ಸರಿಯಾಗಿ ಬರೆದುಕೊಳ್ಳುವುದು. ನಮ್ಮ ತಪ್ಪು ನಮ್ಮ ಕಣ್ಣಿಗೆ ಬೀಳುವುದಿಲ್ಲವಲ್ಲ! ಕೊನೆಗೆ ಶುಕ್ರವಾರ ಊರವರ ಮುಂದೆ ಓದುವುದು.

"ವಿಲ್ಫ್ ಬರೆದದ್ದನ್ನ ತಿದ್ದಿದ್ದು ಯಾರು?"

"ಡಾನುಟಾ. ಮೀನಿನ ಫ್ಯಾಕ್ಟರೀಲಿ ಕೆಲಸ."

ಪೋಲೆಂಡಿನ ಡಾನುಟಾ ಫ್ಯಾಕ್ಟರಿಯ ಗೇಟಿನಲ್ಲೇ ಚೀಲದಿಂದ ಪುಸ್ತಕ ತೆಗೆದುಕೊಟ್ಟಳು. "ಅಜ್ಜ ನಿಲ್ಲಿಸೋದೇ ಇಲ್ಲ ಮೇಡಂ. ಓದಿ ಓದಿ ನಂಗೇ ಉಸಿರು ಕಟ್ತು. ಅರವತ್ತು ಚುಕ್ಕೆ ಇಟ್ಟೆ."

ನಾಲ್ಕು ಪುಟ. ಎಡಿತ್ ನಿಂತಲ್ಲೇ ಓದಿದಳು. ೧೯೭೪ರ ಬಿರುಗಾಳಿಯಲ್ಲಿ ಮಾರ್ಜರಿಯ ಗಂಡ ನೀರಿಗೆ ಬಿದ್ದು ಬಲೆಯ ಹಗ್ಗ ಹಿಡಿದು ನೇತಾಡುತ್ತಿದ್ದ. ಹಗ್ಗ ತಾನಾಗಿ ಹರಿಯಿತೆಂದು ಊರೆಲ್ಲ ನಂಬಿತ್ತು. ಅದನ್ನು ಕಡಿದವನು ಅದೇ ಹಡಗಿನಲ್ಲಿದ್ದ ಲೆನ್ ಹಾರ್ಗ್ರೇವ್, ಕಂಡವನು ವಿಲ್ಫ್ ಒಬ್ಬನೇ. ಚೀಟಿಯ ಮಾತುಗಳು ಮೂರನೆಯ ಪುಟದ ಕೊನೆಗಿದ್ದವು. 'ಈಗಲಾದರೂ ಮುಗಿಯಲಿ' ಎಂಬುದು ಅಲ್ಲಿಗೇ ನಿಂತಿರಲಿಲ್ಲ. ನಾಲ್ಕನೆಯ ಪುಟದ ಮೊದಲ ಮಾತು 'ಈ ಸುಳ್ಳು' ಎಂದಿತ್ತು.

ಉಳಿದವರನ್ನು ದಡ ಸೇರಿಸಿದ ಶೂರನೆಂದು ಲೆನ್‌ನ ಫೋಟೊ ನಾವಿಕರ ಕ್ಲಬ್ಬಿನಲ್ಲಿ ಇಂದಿಗೂ ತೂಗುತ್ತಿದೆ. ಸಂಜೆ ೫.೩೦ಕ್ಕೆ ಅವನ ಮನೆ ಶೋಧಿಸಿದಾಗ ಒಲೆಯ ಬೂದಿಯಲ್ಲಿ ಎರಡು ಪಿನ್ನುಗಳೂ ವಿಲ್ಫ್‌ನ ಹೆಸರಿದ್ದ ಅರೆಸುಟ್ಟ ರಟ್ಟೂ ಸಿಕ್ಕವು.

"ಸೋಮವಾರ ಸಂಜೆ ವಿಲ್ಫ್‌ನ ಜೊತೆ ಧಕ್ಕೇಲಿ ಇದ್ರಾ?"

"ಇದ್ದೆ ತಾಯಿ." ಲೆನ್ ವಾದಿಸಲಿಲ್ಲ. "ಶುಕ್ರವಾರ ಓದ್ತೀನಿ, ಬಂದು ಮುಂದೆ ಕೂತ್ಕೋ ಅಂದ. ಊರ ಮುಂದೆ ನನ್ನ ಮಾನ ಕಳೆಯೋಕೆ ನಾನೇ ಮುಂದೆ ಕೂರಬೇಕಂತೆ! ತಳ್ಳಿಬಿಟ್ಟೆ. ಆಮೇಲೆ ಅವನ ಮನೆಗೆ ಹೋಗಿ ಪುಸ್ತಕ ತಂದೆ."

"ಪೂರ್ತಿ ಓದಿದ್ರಾ?"

"ಎಲ್ಲಿ ಓದೋದು? ತಲೆ ಇಲ್ಲ, ಬುಡ ಇಲ್ಲ, ಎಲ್ಲೂ ನಿಲ್ಲಲ್ಲ. ಕ್ಷಮಿಸು ಅಂತಿದ್ದ ಹಾಳೆ ಕಿತ್ತು ಅವನ ಮೇಜಿನ ಮೇಲಿಟ್ಟೆ. ಮಿಕ್ಕಿದ್ದು ಒಲೆಗೆ."

ಎಡಿತ್ ಡಾನುಟಾಳ ಪುಸ್ತಕ ತೆರೆದು ನಾಲ್ಕನೆಯ ಪುಟದ ಕೊನೆಯನ್ನು ಓದಿದಳು. 'ಬಲೆಯ ಭಾರಕ್ಕೆ ಹಡಗು ಮಗುಚುತ್ತಿತ್ತು. ಹಗ್ಗ ಕಡಿಯದಿದ್ದರೆ ಎಂಟೂ ಜನ ಮುಳುಗುತ್ತಿದ್ದೆವು. ಲೆನ್ ಜಾಗದಲ್ಲಿದ್ದರೆ ನಾನೂ ಕಡಿಯುತ್ತಿದ್ದೆ. ಅವನಿಂದ ಬದುಕಿದೆ. ಇದನ್ನು ಅವನ ಮುಖ ನೋಡಿಯೇ ಹೇಳಬೇಕು.'

ಲೆನ್ ಪುಸ್ತಕವನ್ನು ತನ್ನತ್ತ ಎಳೆದುಕೊಂಡು ಆ ಸಾಲುಗಳನ್ನು ತಾನೇ ಓದಿದ. "ಇದನ್ನ ಬಾಯಲ್ಲೇ ಹೇಳಬಹುದಿತ್ತಲ್ಲ ಅವನು," ಎಂದ. ಮೂವತ್ತೇಳು ವರ್ಷ ಪ್ರತಿ ಶನಿವಾರ ಒಂದೇ ಮೇಜಿನಲ್ಲಿ ಬಿಯರ್ ಕುಡಿದವರು ಅವರಿಬ್ಬರೂ. ಆ ಹಗ್ಗದ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ.

ಬಂಧನದ ಸಮಯ ೭.೧೦. ವರದಿಯಲ್ಲಿ ಎಡಿತ್ ಕಾರಣವನ್ನು 'ಹೆಸರು ಕೆಡುವ ಭಯ' ಎಂದು ಬರೆದಳು. ಆಮೇಲೆ ಜಾನಿಸ್‌ಗೆ ಫೋನ್ ಮಾಡಿದಳು.

"ನಿಮ್ಮಪ್ಪ ತಾವಾಗಿ ಹೋದದ್ದಲ್ಲ ಜಾನಿಸ್."

"ಅವರು ಬರೆದದ್ರಲ್ಲಿ ನನ್ನ ಹೆಸರಿದ್ಯಾ ಮೇಡಂ?"

ಸುಳ್ಳು ಹೇಳಬಹುದಿತ್ತು. "ಇಲ್ಲ," ಎಂದಳು ಎಡಿತ್.

"ಇರ್ಲಿ ಬಿಡಿ," ಎಂದಳು ಜಾನಿಸ್. "ನನ್ನ ಮೇಲೆ ಮುನಿಸ್ಕೊಂಡು ಹೋಗ್ಲಿಲ್ವಲ್ಲ." ಆಮೇಲೆ ಅವಳು ಅಳತೊಡಗಿದಳು. ಎಡಿತ್ ಫೋನ್ ಇಡದೆ ಕೇಳುತ್ತ ಕುಳಿತಳು.