ಕಮಲದ ಮುಚ್ಚಳದ ಡಬ್ಬಿ

ಕನ್ನಡಿಯ ಮುಂದಿನ ಸ್ಟೂಲಿನಿಂದ ಬುಪ್ಪಾಳನ್ನು ಎಬ್ಬಿಸಿ ಉಗ್ರಾಣಕ್ಕೆ ಕಳಿಸಿದ್ದು ಮಾರ್ಚ್ ತಿಂಗಳ ಮೊದಲ ಸೋಮವಾರ. ಥಾಯ್ಲೆಂಡಿನ ಲಂಪಾಂಗ್ ಪೇಟೆಯ ಆ ಕ್ರೀಮು ಪೌಡರಿನ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಅದೇ ಸ್ಟೂಲಿನ ಮೇಲೆ ಕೂತು ಅವಳು ವಯಸ್ಸಾಗುತ್ತಿರುವ ಹೆಂಗಸರ ಮುಖ ಓದಿದ್ದಳು. ಯಾರ ಚರ್ಮ ಒಣಗಿದೆ, ಯಾರದು ತೆಳ್ಳಗಾಗಿದೆ, ಯಾರು ಮುಖಕ್ಕೆ ಮಾತ್ರ ಹಚ್ಚಿ ಕತ್ತು ಮರೆತಿದ್ದಾರೆ ಎಂದು ನೋಡಿದ ಕೂಡಲೇ ಹೇಳುತ್ತಿದ್ದಳು. ಮುಖದ ಒದ್ದೆ ಆರುವ ಮೊದಲೇ ಹಚ್ಚಿ, ಬಿಸಿಲಿನ ಕ್ರೀಮಾದರೆ ಎರಡು ಬೆರಳಿನುದ್ದ ಬೇಕು, ಕಡಲೆಕಾಳಿನಷ್ಟು ಹಚ್ಚಿಕೊಂಡು ಸೂರ್ಯನ ಜೊತೆ ಜಗಳಕ್ಕೆ ಹೋಗಬೇಡಿ ಎಂದು ಗದರಿಸಿ ಕಳಿಸುತ್ತಿದ್ದಳು. ಬೈಸಿಕೊಳ್ಳುವುದಕ್ಕೆಂದೇ ಬರುವವರೂ ಇದ್ದರು.

"ನೀನು ಒಳಗೆ ಫ್ಯಾನ್ ಕೆಳಗೆ ಆರಾಮಾಗಿರು. ಹೊರಗಡೆ ಕೈಮುಕ್ ನೋಡ್ಕೋತಾಳೆ," ಎಂದಿದ್ದಳು ಯಜಮಾನಿ ಜೆ ಲಾನ್. ಇನ್ನೇನೋ ಹೇಳಲು ಬಾಯಿ ತೆರೆದವಳು ಹೇಳದೆ ಬುಪ್ಪಾಳ ಮುಖವನ್ನೊಮ್ಮೆ ನೋಡಿ ಸುಮ್ಮನಾದಳು.

ಆ ನೋಟ ಸಾಕಾಗಿತ್ತು. ಬುಪ್ಪಾಳ ಎರಡೂ ಕೆನ್ನೆಯ ಮೇಲೆ ಕಂದು ಮಚ್ಚೆಗಳಿದ್ದವು. ಹರೆಯದಲ್ಲಿ ಬಸ್ ನಿಲ್ದಾಣದ ಬಿಸಿಲಲ್ಲಿ ನಿಂತು ಅಂಟಕ್ಕಿ ಅನ್ನ ಮಾರಿದ್ದರ ಗುರುತು ಅದು. ದಿನಾ ಬೆಳಿಗ್ಗೆ ಪೌಡರು ಮೆತ್ತಿ ಮುಚ್ಚುತ್ತಿದ್ದಳು. ವಯಸ್ಸನ್ನೂ ಹಾಗೇ ಮುಚ್ಚಿದ್ದಳು. ಕೆಲಸಕ್ಕೆ ಸೇರುವಾಗ ಮೂವತ್ತೆರಡರ ಹೆಂಗಸಿಗೆ ಕನ್ನಡಿಯ ಮುಂದಿನ ಜಾಗ ಕೊಡಲಾರರೆಂದು ಹೆದರಿ ಇಪ್ಪತ್ತೈದು ಎಂದುಬಿಟ್ಟಳು. ಆ ಊರಲ್ಲಿ ಯಾರು ಅಕ್ಕ, ಯಾರು ತಂಗಿ ಎಂದು ಇತ್ಯರ್ಥವಾಗದೆ ಮಾತೇ ಮುಂದೆ ಹೋಗುವುದಿಲ್ಲ. ಜೆ ಲಾನ್ ಅಂದಿನಿಂದ ಅವಳನ್ನು ತಂಗಿ ಎಂದಳು, ಇವಳು ಹೂಂ ಎಂದಳು. ಈಗ ಯಜಮಾನಿಗೆ ಐವತ್ತೈದು, ತಂಗಿಗೆ ಐವತ್ತೆಂಟು.

ಉಗ್ರಾಣಕ್ಕೂ ಅಂಗಡಿಗೂ ನಡುವೆ ಇದ್ದದ್ದು ಬರೀ ಒಂದು ಪರದೆ. ಆಚೆಯಿಂದ ಅಂಗಡಿಯ ಹುಡುಗಿ ಕೈಮುಕ್‌ಳ ದನಿ ಕೇಳುತ್ತಿತ್ತು. "ಕಡಲೆಕಾಳಷ್ಟು ಹಚ್ಕೊಂಡು ಸೂರ್ಯನ ಜೊತೆ ಜಗಳಕ್ಕೆ ಹೋಗ್ತೀರಾ ಅಮ್ಮಾ?" ಗಿರಾಕಿಗಳು ನಗುತ್ತಿದ್ದರು. ತಾನೇ ಕಲಿಸಿದ ಮಾತು, ತನ್ನದೇ ಗದರಿಕೆ, ಇಪ್ಪತ್ತೇಳರ ನುಣುಪು ಮುಖದಿಂದ. ಬುಪ್ಪಾಳಿಗೆ ಮೈಯೆಲ್ಲ ಉರಿಯಿತು. ಹೊಟ್ಟೆಕಿಚ್ಚು ಎಂದು ಗೊತ್ತಿತ್ತು, ನಾಚಿಕೆಯೂ ಆಯಿತು. ನಾಚಿಕೆಯಾದಷ್ಟೂ ಕಿಚ್ಚು ಹೆಚ್ಚಿತು.

ಏಪ್ರಿಲ್‌ನಲ್ಲಿ ಸೋಂಗ್‌ಕ್ರಾನ್ ಹಬ್ಬ. ಹಿರಿಯರ ಕೈಗೆ ನೀರೆರೆದು, ಟವೆಲು, ಸೋಪು, ಪೌಡರು, ಮುಖದ ಕ್ರೀಮು ಇಟ್ಟ ಬುಟ್ಟಿ ಕೊಟ್ಟು ಆಶೀರ್ವಾದ ಬೇಡುವ ದಿನಗಳು. ಬುಟ್ಟಿ ಕಟ್ಟುವ ಕೆಲಸ ಕೈಮುಕ್‌ಳದು. ಮಾರುವ ಬುಟ್ಟಿಗಳೆಲ್ಲ ಒಂದು ಕಡೆ ಇದ್ದವು. ಒಂದೇ ಒಂದು ಮಾತ್ರ ಉಗ್ರಾಣದ ಬೀರುವಿನೊಳಗೆ ಮೇಲಿನ ಅರೆಯಲ್ಲಿ ಬೇರೆಯಾಗಿ ಕೂತಿತ್ತು. ಅದರಲ್ಲಿ ಕಮಲದ ಮುಚ್ಚಳದ ಡಬ್ಬಿ, ಅಂಗಡಿಯಲ್ಲೇ ಎಲ್ಲಕ್ಕಿಂತ ಮಂದವಾದ, ದುಬಾರಿ ಕ್ರೀಮು.

"ಆ ಬುಟ್ಟಿ ಮಾತ್ರ ಮುಟ್ಬೇಡಿ ಅಕ್ಕಾ. ಅದನ್ನ ನಾನೊಬ್ಳೇ ಕಟ್ತೀನಿ," ಎಂದಿದ್ದಳು ಕೈಮುಕ್. ಅಂಗಡಿಯ ಇನ್ನಿಬ್ಬರು ಹುಡುಗಿಯರೂ ಕೇಳಿಸಿಕೊಂಡಿದ್ದರು.

ಯಾರಿಗೆಂದು ಕೇಳಬೇಕಾಗಿರಲಿಲ್ಲ. ಪ್ರತಿವರ್ಷ ಹದಿನೈದನೇ ತಾರೀಖು ಅಂಗಡಿಯವರು ನೀರೆರೆಯಲು ಹೋಗುತ್ತಿದ್ದುದು ಸೆಂಗ್‌ಲಾ ಮೇಡಂ ಮನೆಗೆ. ಎಪ್ಪತ್ತೊಂಬತ್ತು ವರ್ಷದ ನಿವೃತ್ತ ಹೆಡ್‌ಮಿಸ್. ಪೇಟೆಯ ಅರ್ಧದಷ್ಟು ಹೆಂಗಸರು ಅವರ ಶಿಷ್ಯೆಯರು, ಅವರು ಹೂಂ ಎಂದ ಕ್ರೀಮು ಹತ್ತೇ ದಿನದಲ್ಲಿ ಖಾಲಿ. ಅವರು ಥೂ ಎಂದರೆ?

ಉಪಾಯ ಅಲ್ಲಿಂದ ತಾನಾಗಿ ಬೆಳೆಯಿತು. ಬ್ಯೂಟಿ ಪಾರ್ಲರಿನವರಿಗೆ ಮಾರುವ, ಚರ್ಮ ಸುಲಿಯುವ ಆಮ್ಲದ ಬಾಟಲಿ ಉಗ್ರಾಣದಲ್ಲೇ ಇತ್ತು. ಬಣ್ಣವಿಲ್ಲ, ವಾಸನೆಯಿಲ್ಲ. ಊಟದ ಹೊತ್ತಿಗೆ ಉಳಿದವರು ನೂಡಲ್ಸ್ ಅಂಗಡಿಗೆ ಹೋದಾಗ ಬುಪ್ಪಾ ರಬ್ಬರ್ ಕೈಗವಸು ಹಾಕಿಕೊಂಡಳು. ಡಬ್ಬಿಯ ಒಳಗಿನ ಬೆಳ್ಳಿ ಹಾಳೆಯನ್ನು ಬಿಸಿ ಚಮಚದಿಂದ ಎಬ್ಬಿಸಿ, ಆಮ್ಲ ಕಲಸಿ, ಮೇಲ್ಮೈಯನ್ನು ಮೊದಲಿನ ಹಾಗೆಯೇ ಸುಳಿಯಾಗಿ ತೀಡಿ, ಹಾಳೆಯನ್ನು ಮತ್ತೆ ಅದೇ ಚಮಚದಿಂದ ಅಂಟಿಸಿದಳು. ಬಾಟಲಿಗೆ ಕಮ್ಮಿಯಾದಷ್ಟು ನೀರು ಸೇರಿಸಿದಳು. ಹದಿನೈದಕ್ಕೆ ಮೇಡಂ ಕೈಗೆ ಬುಟ್ಟಿ. ಹದಿನಾರಕ್ಕೆ ಬೆಂದ ಮುಖ, ಸಿಟ್ಟಾದ ಅವರ ಮಗಳು, ಅಂಗಡಿಯಲ್ಲಿ ಕೂಗಾಟ. ಆರಿಸಿದವಳು ಕೈಮುಕ್, ಕಟ್ಟಿದವಳು ಕೈಮುಕ್, ಯಾರೂ ಮುಟ್ಟಬಾರದೆಂದವಳೂ ಅವಳೇ. ಆಗ ಬುಪ್ಪಾ ತಣ್ಣನೆಯ ಬಟ್ಟೆ, ಸಾದಾ ವ್ಯಾಸಲೀನು ಹಿಡಿದುಕೊಂಡು ಮೇಡಂ ಮನೆಗೆ ಹೋಗಿ ಗುಣಪಡಿಸುತ್ತಾಳೆ. ಸ್ಟೂಲು ತಾನಾಗಿ ವಾಪಸು ಬರುತ್ತದೆ. ಎಲ್ಲಿಂದ ನೋಡಿದರೂ ಒಂದೂ ಬಿರುಕಿಲ್ಲ.

ಸಂಕಟವಾಗುತ್ತಿದ್ದದ್ದು ಒಂದಕ್ಕೇ. ಮೇಡಂ ಅಂಗಡಿಗೆ ಬಂದಾಗಲೆಲ್ಲ ಕಣ್ಣು ಮುಚ್ಚಿ ಮುಖ ಒಡ್ಡಿ, "ನಿನ್ ಕೈ ಎಷ್ಟು ತಣ್ಣಗಿದೆ ಮಗಾ," ಎನ್ನುತ್ತಿದ್ದರು. ಅವರ ರೆಪ್ಪೆಯ ಚರ್ಮ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು. ನಾಲ್ಕು ದಿನದ ಉರಿ ಅಷ್ಟೇ, ಕಣ್ಣಿಗೇನೂ ಆಗದು ಎಂದು ಬುಪ್ಪಾ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುವಾಗ ಸುಳ್ಳೆಂದು ಗೊತ್ತಿತ್ತು. ಮನೆಯಲ್ಲಿ ಮುಖ ತೊಳೆಯುವಾಗ ಕನ್ನಡಿ ನೋಡುವುದನ್ನು ಬಿಟ್ಟಳು. ಹನ್ನೊಂದನೇ ತಾರೀಖು ಡಬ್ಬಿ ಬದಲಿಸಿಬಿಡೋಣವೆಂದು ಬೀರುವಿನ ತನಕ ಹೋಗಿ ಬಾಗಿಲು ತೆರೆದಳು. ಪರದೆಯಾಚೆ ಯಾರೋ, "ಈ ಹುಡುಗಿ ಬಂದ್ಮೇಲೆ ಅಂಗಡಿಗೆ ಕಳೆ ಬಂತು," ಎಂದರು. ಬೀರುವಿನ ಬಾಗಿಲು ಹಾಕಿಬಿಟ್ಟಳು.

ಹನ್ನೆರಡನೇ ತಾರೀಖು ಹಬ್ಬದ ರಜೆಗೆ ಮುಂಚಿನ ಕೊನೆಯ ದಿನ. ಮಧ್ಯಾಹ್ನ ಅರ್ಧ ಷಟರು ಎಳೆದು ಕೈಮುಕ್ ಪರದೆ ಸರಿಸಿದಳು. "ಅಕ್ಕಾ, ಒಂಚೂರು ಹೊರಗ್ ಬನ್ನಿ."

ಕನ್ನಡಿಯ ಮುಂದೆ ಬೆನ್ನಿರುವ ಹೊಸ ಕುರ್ಚಿಯೊಂದಿತ್ತು. ಪಕ್ಕದಲ್ಲಿ ಬೆಳ್ಳಿಯ ಬಟ್ಟಲು, ಅದರಲ್ಲಿ ಸೀಗೆಕಾಯಿ ನೀರು, ಮೇಲೆ ತೇಲುವ ಮಲ್ಲಿಗೆ. ಯಜಮಾನಿಗೆ ನೀರೆರೆಯುತ್ತಾರೆಂದು ಬುಪ್ಪಾ ಕೈ ಜೋಡಿಸಿ ಹುಡುಗಿಯರ ಸಾಲಿನ ಕೊನೆಗೆ ಹೋಗಿ ನಿಂತಳು. ಜೆ ಲಾನ್ ಮಾತ್ರ ಬಟ್ಟಲು ಹಿಡಿದು ಕುರ್ಚಿಯ ಕಾಲ ಬಳಿ ಮೊಣಕಾಲೂರಿ ಕೂತಿದ್ದಳು.

"ಬಂದು ಕೂತ್ಕೊಳ್ಳಿ ಅಕ್ಕಾ," ಎಂದಳು.

ಇಪ್ಪತ್ತಾರು ವರ್ಷದಲ್ಲಿ ಆ ಬಾಯಿಂದ ಅಕ್ಕ ಎಂಬ ಮಾತು ಬಂದಿರಲಿಲ್ಲ. ಯಾರೋ ತೋಳು ಹಿಡಿದು ಕೂರಿಸಿದರು. ಅಂಗೈ ಮೇಲೆ ನೀರು ತಣ್ಣಗೆ ಹರಿಯಿತು.

"ದೊಡ್ಡೋರನ್ನ ತಂಗಿ ಅಂತ ಕರ್ದು ಪಾಪ ಕಟ್ಕೊಂಡೆ," ಎಂದಳು ಜೆ ಲಾನ್. "ದಿನಕ್ಕೆ ಹತ್ತು ಗಂಟೆ ಬೆನ್ನಿಲ್ಲದ ಸ್ಟೂಲ್ ಮೇಲೆ ಕೂರಿಸ್ದೆ. ನೀವೂ ಬಾಯಿ ಬಿಡ್ಲಿಲ್ಲ. ಗೊತ್ತಾದ್ಮೇಲೂ ಎಲ್ರೆದುರು ಹೇಳಿದ್ರೆ ನೊಂದ್ಕೋತೀರಾ ಅಂತ ಹಬ್ಬದ ತನಕ ಕಾದೆ."

ಕೈಮುಕ್ ಬುಟ್ಟಿ ತಂದು ಮಡಿಲಲ್ಲಿಟ್ಟಳು. "ಇಪ್ಪತ್ತು ದಿನ ಹುಡುಕಿದೀನಿ ಅಕ್ಕಾ. ವಾಸನೆ ಇರ್ಬಾರ್ದು, ಮಂದ ಇರ್ಬೇಕು, ಮಚ್ಚೆ ಇರೋ ಚರ್ಮಕ್ಕೆ ಉರೀಬಾರ್ದು. ನೀವೇ ಕಲ್ಸಿದ್ದಲ್ವಾ? ತಾಳಿ, ಮೊದಲ್ನೇ ಸಲ ನಾನೇ ಹಚ್ತೀನಿ." ಕಮಲದ ಮುಚ್ಚಳ ತಿರುಗಿಸಿ, ಬೆಳ್ಳಿ ಹಾಳೆ ಸುಲಿದು, ಎರಡು ಬೆರಳು ಒಟ್ಟು ಮಾಡಿ ಡಬ್ಬಿಯೊಳಗೆ ಇಳಿಸಹೊರಟಳು.

"ಮುಟ್ಬೇಡ ಮಗಾ, ಬೆರಳು ಬೆಂದುಹೋಗತ್ತೆ." ಬುಪ್ಪಾ ಅವಳ ಮಣಿಕಟ್ಟು ಹಿಡಿದಿದ್ದಳು. ಮಾತು ಆಗಲೇ ಹೊರಗೆ ಬಂದಾಗಿತ್ತು.

ಜೆ ಲಾನ್ ಡಬ್ಬಿಯನ್ನು ನೋಡಿದಳು, ಆಮೇಲೆ ಬುಪ್ಪಾಳನ್ನು. ಬುಪ್ಪಾಳ ಕಣ್ಣೆದುರಿಗೆ ಕನ್ನಡಿಯಿತ್ತು, ಅದರಲ್ಲಿ ಐವತ್ತೆಂಟು ವರ್ಷದ ಒಂದು ಮುಖ, ಕಣ್ಣೀರಿಗೆ ಪೌಡರು ಕರಗಿ ಮಚ್ಚೆಗಳೆಲ್ಲ ಕಾಣುತ್ತಿದ್ದವು. ಚಮಚ, ಹಾಳೆ, ಬಾಟಲಿ, ತಾರೀಖು, ಎಲ್ಲವನ್ನೂ ಅವಳು ಯೋಚಿಸಿದ್ದಳು. ಫೆಬ್ರವರಿ ಕೊನೆಯಲ್ಲಿ ವಿಮೆಯ ಅರ್ಜಿಗೆಂದು ಯಜಮಾನಿಗೆ ತಾನೇ ಕೈಯಾರೆ ಕೊಟ್ಟ ಗುರುತಿನ ಚೀಟಿಯ ಜೆರಾಕ್ಸಿನಲ್ಲಿ ಹುಟ್ಟಿದ ವರ್ಷವೂ ಇರುತ್ತದೆ, ಅಂಗಡಿಯ ಹಿರಿಯಳು ಯಾರೆಂದು ಅದು ಹೇಳಿಬಿಡುತ್ತದೆ ಎಂಬುದು ಮಾತ್ರ ಹೊಳೆದಿರಲಿಲ್ಲ.